ರಿವರ್ಸ್ ಗೇರಿನಲ್ಲಿ ಡಾರ್ಸೆಟ್

ಬೆಳಗಿನ ಐದೂವರೆಗೆ ಮನೆ ಬಿಟ್ಟೆ. ಹಾಲಿನವನೂ ಎದ್ದಿರಲಿಲ್ಲ ಅಂತ ಬರೆಯೋಣವೆಂದರೆ ಇಂಗ್ಲೆಂಡಿನ ರೆಡಿಂಗ್‌ನ ನಮ್ಮ ಬೀದಿಗೆ ಹಾಲಿನವನೇ ಬರುವುದಿಲ್ಲ. ಮೇ ತಿಂಗಳ ಎರಡನೇ ಬುಧವಾರ. ಆಗಲೇ ಚೆನ್ನಾಗಿ ಬೆಳಕಾಗಿತ್ತು. ಎದುರುಮನೆಯ ಬೆಕ್ಕು ನಮ್ಮ ಕಾರಿನ ಬಾನೆಟ್ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಗಂಡ ಊರಿಗೆ ಹೋಗಿ ಹದಿನೈದು ದಿನವಾಗಿತ್ತು. ಮಗ ಹಾಸ್ಟೆಲಿನಲ್ಲಿ. ಆಫೀಸಿಗೆ ಒಂದು ದಿನ ರಜೆ ಹಾಕಿದ್ದೆ. ಒಬ್ಬಳೇ ಡಾರ್ಸೆಟ್‌ನ ಕಡಲದಂಡೆ ಸುತ್ತಿ ರಾತ್ರಿಯೊಳಗೆ ಮನೆ ಸೇರುವುದೆಂದು ಲೆಕ್ಕ. ಒಂದು ಡಬ್ಬಿಯಲ್ಲಿ ಗೊಜ್ಜವಲಕ್ಕಿ, ಇನ್ನೊಂದರಲ್ಲಿ ಮೊಸರನ್ನ, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ.

ಒಬ್ಬಳೇ ಇಷ್ಟು ದೂರ ಓಡಿಸುತ್ತಿದ್ದುದು ಅದೇ ಮೊದಲು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಸಿಲ್ಕ್ ಬೋರ್ಡಿನ ಕೆಳಗೆ ಕ್ಲಚ್ಚು ಸವೆಸಿದವಳು ನಾನು. ಆದರೆ ಇಲ್ಲಿ ನೆಲೆ ನಿಂತವರಿಗೆ ನಮ್ಮ ದೇಶದ ಲೈಸೆನ್ಸು 12 ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಕಲಿಯುವವರ ಹಾಗೆ ಮೊದಲಿಂದ ಶುರು. ಥಿಯರಿಯಲ್ಲಿ 50ಕ್ಕೆ 43 ಬರಬೇಕು, ರಸ್ತೆಯ ಅಪಾಯ ಗುರುತಿಸುವ ವಿಡಿಯೋ ಪರೀಕ್ಷೆಯಲ್ಲಿ 75ಕ್ಕೆ 44. ಎರಡೂ ಸಲೀಸಾಗಿ ಬಂದವು. ರಸ್ತೆ ಪರೀಕ್ಷೆಯಲ್ಲಿ ಫೇಲಾದೆ. ಬಲಬದಿಗೆ ನಿಲ್ಲಿಸಿ, ಎರಡು ಕಾರಿನುದ್ದ ಹಿಂದಕ್ಕೆ ಬಂದು, ಮತ್ತೆ ರಸ್ತೆ ಸೇರಿಕೊಳ್ಳಿ ಅಂದರು. ಕನ್ನಡಿ ನೋಡಿಕೊಂಡು ಬಂದೆ. ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡಲಿಲ್ಲ, ಅಷ್ಟೇ ತಪ್ಪು. "ನೀವು ಮುಂದಕ್ಕೆ ಬಹಳ ಚೆನ್ನಾಗಿ ಓಡಿಸ್ತೀರಿ" ಅಂತ ಪರೀಕ್ಷಕರು ಸಮಾಧಾನ ಹೇಳಿದರು. ಎರಡನೇ ಸಲ ಪಾಸಾದೆ. ಆ ಮಾತು ಮಾತ್ರ ಇನ್ನೂ ಹೋಗಿಲ್ಲ.

ಎಂ3 ಹೆದ್ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಎರಡೂ ಬದಿಗೆ ಮರಗಳ ಗೋಡೆ, ನಡುವೆ ಲಾರಿಗಳು. ವಿಂಚೆಸ್ಟರ್ ದಾಟಿ, ಸೌತಾಂಪ್ಟನ್ ಬಗಲಿನಲ್ಲಿ ಎಂ27 ಹಿಡಿದು, ಕ್ಯಾಡ್ನಮ್ ಹತ್ತಿರ ದೊಡ್ಡ ರಸ್ತೆ ಬಿಟ್ಟು ನ್ಯೂ ಫಾರೆಸ್ಟ್ ಒಳಗೆ ಇಳಿದೆ. 'ಹೊಸ ಕಾಡು' ಅಂತ ಹೆಸರಿಟ್ಟದ್ದು 1079ರಲ್ಲಿ. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ ತನ್ನ ಬೇಟೆಗೆಂದು ಕಾದಿರಿಸಿದ ಜಾಗ. ಒಂಬೈನೂರು ವರ್ಷ ದಾಟಿದರೂ ಹೊಸದೇ. ಒಳರಸ್ತೆಗಳಲ್ಲಿ ಕುದುರೆಗಳು ಬಿಡುಬೀಸಾಗಿ ಮೇಯುತ್ತಿರುತ್ತವೆ. ಕಾಡುಕುದುರೆ ಅಂದುಕೊಂಡಿದ್ದೆ. ಅಲ್ಲ, ಒಂದೊಂದಕ್ಕೂ ಯಜಮಾನನಿದ್ದಾನೆ. ಈ ಕಾಡಿನಲ್ಲಿ ದನ ಕುದುರೆ ಮೇಯಿಸುವ ಹಳೆಯ ಹಕ್ಕು ಸುತ್ತಲಿನ ಕೆಲವು ಮನೆತನಗಳಿಗಿದೆ, ನಮ್ಮ ಗೋಮಾಳದ ಹಾಗೆ. ಒಂದು ತಿರುವಿನಲ್ಲಿ ಕತ್ತೆಯೊಂದು ರಸ್ತೆಯ ಬಿಳಿ ಗೆರೆಯ ಮೇಲೆಯೇ ಅಡ್ಡ ನಿಂತಿತ್ತು. ಹಾರ್ನ್ ಮಾಡಲು ಎತ್ತಿದ ಕೈ ತಡೆದು, ಕಾಫಿ ಬಗ್ಗಿಸಿಕೊಂಡೆ. ಲೋಟ ಮುಗಿಯುವ ಹೊತ್ತಿಗೆ ಅದೂ ಹೊರಟಿತು.

ಎಂಟಕ್ಕೆ ವೇರ್‌ಹ್ಯಾಮ್ ದಾಟಿದೆ. ಎರಡು ಗುಡ್ಡಗಳ ಸಂದಿನಲ್ಲಿ ಮೂರನೆಯ ಗುಡ್ಡ, ಅದರ ನೆತ್ತಿಯಲ್ಲಿ ಮುರಿದ ಹಲ್ಲುಗಳ ಹಾಗೆ ಕಾರ್ಫ್ ಕೋಟೆ. ನಮ್ಮಲ್ಲಿ ಹಾಳುಬಿದ್ದ ಕೋಟೆ ಅಂದರೆ ಗಿಡ ಬೆಳೆದು, ಮಳೆಗೆ ಕರಗಿ ಬಿದ್ದದ್ದು. ಇದು ಹಾಗಲ್ಲ. ಗೋಪುರಗಳು ಗೋಪುರಗಳಾಗಿಯೇ ವಾಲಿ ನಿಂತಿವೆ, ಯಾರೋ ಬುಡಕ್ಕೆ ಒದ್ದಂತೆ. 1640ರ ದಶಕದಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧವಾದಾಗ ಗಂಡ ಊರಲ್ಲಿಲ್ಲದ ಹೊತ್ತಿನಲ್ಲಿ ಮೇರಿ ಬ್ಯಾಂಕ್ಸ್ ಎಂಬ ಹೆಂಗಸು ಈ ಕೋಟೆಯನ್ನು ಕಾದಳು. ಮುತ್ತಿಗೆಗೆ ಬಗ್ಗಲಿಲ್ಲ. ಕೊನೆಗೆ ಒಳಗಿನವನೊಬ್ಬ ಶತ್ರುಗಳನ್ನು ಒಳಬಿಟ್ಟುಕೊಂಡ. 1646ರಲ್ಲಿ ಪಾರ್ಲಿಮೆಂಟಿನವರು ಗೋಡೆಗಳ ಬುಡ ಕೊರೆದು, ಮದ್ದು ತುಂಬಿ ಸಿಡಿಸಿದರು. ಬಿದ್ದ ಕಲ್ಲು ಊರಿನವರ ಗೋಡೆ ಸೇರಿತು. ಈಗಲೂ ಕೆಳಗಿನ ಬೀದಿಯಲ್ಲಿ ನಡೆದರೆ ಬೇಕರಿಗೂ ಕೋಟೆಗೂ ಒಂದೇ ಬೂದುಬಣ್ಣ.

ಒಳಗೆ ಹೋಗಲು ಹತ್ತರವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಎದುರಿನ ಗುಡ್ಡದ ಅರ್ಧಕ್ಕೆ ಹತ್ತಿ, ಕೋಟೆಯನ್ನು ಎದುರಿಗಿಟ್ಟುಕೊಂಡು ಗೊಜ್ಜವಲಕ್ಕಿ ತಿಂದೆ.

ಡಾರ್ಸೆಟ್‌ಗೇ ಏಕೆ ಬಂದೆ ಅಂದರೆ, ಕಲ್ಲು ನೋಡಲು. ಇಲ್ಲಿಂದ ಪಶ್ಚಿಮಕ್ಕೆ ಡೆವನ್‌ವರೆಗಿನ 95 ಮೈಲಿ ದಂಡೆಗೆ ಜುರಾಸಿಕ್ ಕೋಸ್ಟ್ ಅಂತ ಹೆಸರು. 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹದಿನೆಂಟೂವರೆ ಕೋಟಿ ವರ್ಷಗಳಲ್ಲಿ ಪದರ ಪದರವಾಗಿ ಕೂತ ಕೆಸರು, ಮರಳು, ಸುಣ್ಣ ಇಲ್ಲಿ ಕಲ್ಲಾಗಿ ನಿಂತಿದೆ. ಪದರಗಳೆಲ್ಲ ಪೂರ್ವಕ್ಕೆ ತುಸು ಬಾಗಿರುವುದರಿಂದ ಪೂರ್ವದ ತುದಿಯಲ್ಲಿ ಎಳೆಯ ಕಲ್ಲು, ಪಶ್ಚಿಮಕ್ಕೆ ಹೋದಷ್ಟೂ ಹಳೆಯದು. ನಾನು ಹೊರಟದ್ದು ಪೂರ್ವದಿಂದ ಪಶ್ಚಿಮಕ್ಕೆ. ಅಂದರೆ ಕಾರು ಐದನೇ ಗೇರಿನಲ್ಲಿದ್ದರೂ ಕಾಲ ರಿವರ್ಸಿನಲ್ಲಿ. ನಡುನಡುವೆ ಪದರಗಳು ಮಡಿಸಿಕೊಂಡು ಲೆಕ್ಕ ಒಂಚೂರು ಹಿಂದೆಮುಂದೆ ಆಗುತ್ತದೆ. ನನ್ನ ರಿವರ್ಸೂ ಅಷ್ಟೊಂದು ನೇರವಲ್ಲ, ಬಿಡಿ.

ಕಾರ್ಫ್‌ನಿಂದ ಕಿಮ್ಮರಿಜ್‌ಗೆ ಆರೇಳು ಮೈಲಿ. ಆದರೆ ಆ ಹಾದಿಯನ್ನು ರಸ್ತೆ ಅನ್ನಲು ಧೈರ್ಯ ಬೇಕು. ಒಂದು ಕಾರಿನಗಲ ಟಾರು. ಎರಡೂ ಕಡೆ ಆಳೆತ್ತರದ ಬೇಲಿ. ಮೇ ತಿಂಗಳಾದ್ದರಿಂದ ಬೇಲಿಯೆಲ್ಲ ಹಾಥಾರ್ನ್‌ನ ಬಿಳಿ ಹೂವು, ಬುಡದಲ್ಲಿ ಕೊತ್ತಂಬರಿ ಹೂವನ್ನೇ ದೊಡ್ಡದು ಮಾಡಿದಂಥ ಕೌ ಪಾರ್ಸ್ಲಿ. ಗಾಜು ಇಳಿಸಿದರೆ ಎಲ್ಲಿಂದಲೋ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಅದು ಕಾಡುಬೆಳ್ಳುಳ್ಳಿಯ ಗಿಡ. ಬೇಲಿ ಮುಗಿದಲ್ಲಿ ಗುಡ್ಡದ ತುಂಬ ರೇಪ್‌ಸೀಡ್‌ನ ಹಳದಿ, ನಮ್ಮ ಕಡೆಯ ಹುಚ್ಚೆಳ್ಳಿನ ಹೊಲದ ಹಳದಿಗಿಂತ ಒಂದು ಕೈ ಹೆಚ್ಚೇ ಕಣ್ಣಿಗೆ ಕುಕ್ಕುವಂಥದ್ದು. ತಮಾಷೆಯೆಂದರೆ, ಬೇರೆ ಫಲಕ ಇಲ್ಲದಿದ್ದರೆ ಇಂಥ ಓಣಿಯಲ್ಲೂ ಕಾನೂನಿನ ಪ್ರಕಾರ ಗಂಟೆಗೆ 60 ಮೈಲಿ ವೇಗದಲ್ಲಿ ಹೋಗಬಹುದು. ನಾನು 18ರಲ್ಲಿದ್ದೆ.

ತಿರುವು ಮುಗಿಯುತ್ತಿದ್ದಂತೆ ಎದುರಿಗೆ ಟ್ರ್ಯಾಕ್ಟರ್. ಹಿಂದೆ ಟ್ರೈಲರ್, ಟ್ರೈಲರಿನ ತುಂಬ ಕುರಿ. ಇಬ್ಬರೂ ನಿಂತೆವು. ಟ್ರ್ಯಾಕ್ಟರಿನವನು ಹೆಡ್‌ಲೈಟ್ ಮಿಂಚಿಸಿದ.

ಬೆಂಗಳೂರಿನಲ್ಲಿ ಎದುರಿನವನು ಲೈಟ್ ಮಿಂಚಿಸಿದ ಅಂದರೆ 'ನಾನು ಬರ್ತಾ ಇದೀನಿ, ಸರಿ ಆಚೆ' ಅಂತ. ಇಲ್ಲಿ ಅದೇ ಬೆಳಕಿಗೆ 'ನೀವು ಬನ್ನಿ' ಅಂತ ಅರ್ಥ. ಹೈವೇ ಕೋಡ್ ಪುಸ್ತಕದಲ್ಲಿ ಮಾತ್ರ ಎರಡೂ ಇಲ್ಲ, 'ನಾನಿಲ್ಲಿದ್ದೇನೆ' ಅಂತ ತಿಳಿಸಲಿಕ್ಕಷ್ಟೇ ಮಿಂಚಿಸಬೇಕಂತೆ. ಮೂರರಲ್ಲಿ ಇದು ಯಾವುದು? ನಾನು ಬರಲಿಕ್ಕೆ ಅಲ್ಲಿ ಜಾಗವೇ ಇಲ್ಲ. ಅವನು ಹಿಂದೆ ಹೋಗಲಿಕ್ಕೆ ಟ್ರೈಲರಿದೆ. ಕುರಿಗಳು ಸರಳುಗಳ ಸಂದಿಯಿಂದ ನನ್ನನ್ನೇ ನೋಡುತ್ತಿದ್ದವು. ಹಿಂದಿನ ತಿರುವಿನ ಆಚೆ, ಸುಮಾರು ನೂರೈವತ್ತು ಗಜ ದೂರದಲ್ಲಿ, ಒಂದು ಗದ್ದೆಯ ಗೇಟಿನ ಮುಂದೆ ಅಗಲ ಜಾಗ ಕಂಡಿದ್ದೆ. ರಿವರ್ಸ್ ಹಾಕಿದೆ.

ಎಡಗೈ ಪಕ್ಕದ ಸೀಟಿನ ಬೆನ್ನಿಗೆ, ಕತ್ತು ಪೂರ್ತಿ ಹಿಂದಕ್ಕೆ, ಬಲ ಅಂಗೈ ಸ್ಟೇರಿಂಗಿನ ನೆತ್ತಿಯಲ್ಲಿ. ಮೊದಲ ಹತ್ತು ಗಜಕ್ಕೇ ಬೇಲಿಗೆ ತಗುಲಿದೆ. ಮುಳ್ಳುಕಡ್ಡಿ ಬಾಗಿಲುದ್ದಕ್ಕೂ ಕರ್ರ್ ಅಂತ ಗೀಚಿದ ಸದ್ದು. ಮುಂದಕ್ಕೆ ತೆಗೆದು ನೇರ ಮಾಡಿಕೊಂಡು ಮತ್ತೆ ಹಿಂದಕ್ಕೆ. ಟ್ರ್ಯಾಕ್ಟರ್ ಆತುರವಿಲ್ಲದೆ, ಒಂದೇ ಅಂತರ ಇಟ್ಟುಕೊಂಡು ಬರುತ್ತಿತ್ತು, ಮಗುವಿಗೆ ನಡೆಯಲು ಕಲಿಸುವವರ ಹಾಗೆ. ತಿರುವಿನಲ್ಲಿ ಇನ್ನೊಮ್ಮೆ ತಗುಲಿದೆ. ಗೇಟಿನ ಜಾಗಕ್ಕೆ ಬಾಲ ತೂರಿಸಿ ನಿಂತಾಗ ಕುಪ್ಪಸದ ಬೆನ್ನು ಒದ್ದೆ. ಅವನು ದಾಟಿ ಹೋಗುವಾಗ ಸ್ಟೇರಿಂಗಿನಿಂದ ಒಂದೇ ಒಂದು ತೋರುಬೆರಳು ಎತ್ತಿದ. ಇಲ್ಲಿನ ಹಳ್ಳಿದಾರಿಗಳಲ್ಲಿ ಧನ್ಯವಾದ ಅಂದರೆ ಅಷ್ಟೇ, ಒಂದು ಬೆರಳು. ನಾನು ಎರಡೂ ಕೈ ಎತ್ತಿ ಮುಗಿಯುವುದೊಂದು ಬಾಕಿ.

ಕಿಮ್ಮರಿಜ್ ಕೊಲ್ಲಿಗೆ ಇಳಿಯುವುದು ಖಾಸಗಿ ಎಸ್ಟೇಟಿನ ರಸ್ತೆ, ಟೋಲು ಕೊಡಬೇಕು. ಕೆಳಗೆ ಕಪ್ಪು ಹಾಸುಗಲ್ಲು ಕಡಲೊಳಗೆ ಮೆಟ್ಟಿಲುಗಳಂತೆ ಇಳಿದಿದೆ. ಹದಿನೈದೂವರೆ ಕೋಟಿ ವರ್ಷದ ಹಿಂದಿನ ಕೆಸರು. ಲೋಕದ ಭೂವಿಜ್ಞಾನಿಗಳು ಆ ಕಾಲಘಟ್ಟಕ್ಕೆ ಈ ಪುಟ್ಟ ಹಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. ಉತ್ತರ ಸಮುದ್ರದ ಎಣ್ಣೆ ಬಹುಪಾಲು ಹುಟ್ಟಿದ್ದು ಇದೇ ಕೆಸರಿನ ಪದರದಲ್ಲಿ. ಇಲ್ಲೂ ಬಂಡೆಯಂಚಿನಲ್ಲಿ ಒಂದು ಪುಟ್ಟ ಎಣ್ಣೆಬಾವಿ ಇದೆ. ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಅದರ ಕಬ್ಬಿಣದ ಪಂಪು ಪಾರಾಯಣ ಕೇಳುತ್ತಾ ತೂಕಡಿಸುವ ಮುದುಕರ ಹಾಗೆ ತಲೆಯಾಡಿಸುತ್ತಿದೆ. ಊರಿನಲ್ಲಿ ಒಂದು ಮ್ಯೂಸಿಯಂ, 2016ರಲ್ಲಿ ತೆರೆದದ್ದು. ಸ್ಟೀವ್ ಎಚಸ್ ಅಂತ, ಕಸುಬಿನಿಂದ ಪ್ಲಂಬರ್, ದಶಕಗಳ ಕಾಲ ಈ ಕೆಸರಿನಿಂದ ಹೆಕ್ಕಿ, ತಾನೇ ಕೆತ್ತಿ ಶುಚಿಮಾಡಿದ ಪಳೆಯುಳಿಕೆಗಳು. ಅಲ್ಲಿರುವ ಪ್ಲಯೊಸಾರ್ ಎಂಬ ದೈತ್ಯ ಕಡಲ ಸರೀಸೃಪದ ತಲೆಬುರುಡೆಯೇ ಸುಮಾರು ಎರಡು ಮೀಟರ್ ಉದ್ದ. ಅದರ ಬಾಯೆದುರು ನಿಂತು ನನ್ನ ಎತ್ತರ ಅಳೆದುಕೊಂಡೆ. ಸಾಲದು.

ಅಲ್ಲಿಂದ ಗುಡ್ಡದ ಮೇಲಿನ ದಾರಿಯಲ್ಲಿ ನೇರ ಲಲ್‌ವರ್ತ್‌ಗೆ ಹೋಗೋಣವೆಂದಿದ್ದೆ. ಸ್ಟೀಪಲ್ ದಾಟಿದ ಮೇಲೆ ಗೇಟು ಹಾಕಿತ್ತು. ಕೆಂಪು ಬಾವುಟ. ದೂರದಲ್ಲಿ ಧಡಮ್ ಧಡಮ್. ಸೇನೆಯ ಟ್ಯಾಂಕುಗಳು ಗುರಿ ಅಭ್ಯಾಸ ಮಾಡುವ ಜಾಗ ಅದು. ವಾರದ ದಿನಗಳಲ್ಲಿ ಬಹುಮಟ್ಟಿಗೆ ಬಂದ್, ವಾರಾಂತ್ಯಕ್ಕೆ ತೆರೆಯುತ್ತದೆ. ಹೊರಡುವ ಮೊದಲು ನೋಡಿಕೊಳ್ಳದ್ದು ನನ್ನ ಬೇಜವಾಬ್ದಾರಿ. ಆ ಗೇಟಿನಾಚೆ ಟೈನ್‌ಹ್ಯಾಮ್ ಅನ್ನುವ ಹಳ್ಳಿ ಇದೆ, ಮನೆಗಳಿವೆ, ಜನ ಇಲ್ಲ. 1943ರ ಡಿಸೆಂಬರಿನಲ್ಲಿ ಯುದ್ಧದ ತಾಲೀಮಿಗೆ ಜಾಗ ಬೇಕೆಂದು ಊರನ್ನೇ ಖಾಲಿ ಮಾಡಿಸಿದರು. ಹೋಗುವಾಗ ಚರ್ಚಿನ ಬಾಗಿಲಿಗೆ ಒಂದು ಚೀಟಿ ಸಿಕ್ಕಿಸಿದ್ದರಂತೆ: ನಮ್ಮ ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದು ದಿನ ವಾಪಸ್ ಬರುತ್ತೇವೆ ಎಂಬ ಅರ್ಥದ್ದು. ಯುದ್ಧ ಮುಗಿಯಿತು, ಊರು ವಾಪಸ್ ಕೊಡಲಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ತಗ್ಗಿದ ವರ್ಷ ಮುಳುಗಡೆ ಹಳ್ಳಿಗಳ ಗುರುತು ನೋಡಲು ಮೈಸೂರಿನಿಂದ ಜನ ಸೈಕಲ್ ಏರಿ ಹೋಗುತ್ತಿದ್ದರೆಂದು ತಾತ ಹೇಳುತ್ತಿದ್ದುದು ನೆನಪಾಯಿತು. ನನಗೆ ಗೇಟಿನಾಚೆಯ ಹುಲ್ಲಷ್ಟೇ ಕಂಡಿತು. ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಮತ್ತೆ ರಿವರ್ಸ್. ಈ ಸಲ ಬೇಲಿ ತಗುಲಲಿಲ್ಲ.

ವೇರ್‌ಹ್ಯಾಮ್ ಕಡೆಯಿಂದ ಸುತ್ತಿಕೊಂಡು ಡರ್ಡಲ್ ಡೋರ್ ತಲುಪುವಾಗ ಹನ್ನೊಂದೂವರೆ. ಪಾರ್ಕಿಂಗ್ ದುಬಾರಿ. ಕೆಳಗಿಳಿಯುವುದು ಕಡಿದಾದ ದಾರಿ, ಹತ್ತುವಾಗ ಗೊತ್ತಾಗುತ್ತದೆ. ಕಡಲಿಗೆ ಕಾಲು ಚಾಚಿ ನಿಂತ ಸುಣ್ಣಕಲ್ಲಿನ ಕಮಾನು, ಕ್ಯಾಲೆಂಡರುಗಳಲ್ಲಿ ನೋಡಿ ನೋಡಿ ಹಳತಾದದ್ದು. ಎದುರು ನಿಂತಾಗಲೂ ಕ್ಯಾಲೆಂಡರಿನಂತೆಯೇ ಇತ್ತು, ಅದಕ್ಕೇ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನಗೆ ಹಿಡಿಸಿದ್ದು ಹೆಸರು. 'ಡರ್ಡಲ್' ಅನ್ನುವುದು ಕೊರೆ, ತೂತು ಮಾಡು ಎಂಬ ಹಳೆಯ ಇಂಗ್ಲಿಷ್ ಮಾತಿನಿಂದ ಬಂದದ್ದಂತೆ. ಕಲ್ಲು ಕೊರೆಯುವುದು ಅಂದ ಕೂಡಲೇ ನಮ್ಮ ಮನೆಯಲ್ಲಿ ಬೆಳೆದವರಿಗೆ ನೆನಪಾಗುವುದು ವಜ್ರಕೀಟ. ಸಾಲಿಗ್ರಾಮದೊಳಗೆ ಹೊಕ್ಕು ಚಕ್ರ ಕೊರೆಯುವ ಹುಳು. ತಾತ ಭಾನುವಾರ ಪೂಜೆ ಮುಗಿಸಿ, ಸಂಪುಟದಿಂದ ಒಂದೊಂದಾಗಿ ತೆಗೆದು, ತೂತಿನೊಳಗೆ ಟಾರ್ಚು ಬಿಟ್ಟು ತೋರಿಸುತ್ತಿದ್ದರು. "ನೋಡು ಮರಿ, ಚಕ್ರ ಕಾಣ್ತಾ?" ಕಾಣುತ್ತಿತ್ತು, ಬಳೆಯೊಳಗೆ ಬಳೆ. ಕೈ ಚಾಚಿದರೆ ಮಾತ್ರ, "ಹ್ಞಾ ಹ್ಞಾ, ದೂರ." ತಮ್ಮನಿಗೆ ಉಪನಯನವಾದ ಮೇಲೆ ಅವನ ಅಂಗೈಗೆ ಕೊಟ್ಟರು. ನನಗೆ ತೀರ್ಥ ಸಿಗುತ್ತಿತ್ತು.

ಡಾರ್ಚೆಸ್ಟರ್ ಕಡೆಗೆ ಹೋಗುವಾಗ ಮೋರ್ಟನ್ ಎಂಬ ಹಳ್ಳಿಯ ಕವಲು ಬರುತ್ತದೆ. ಅಲ್ಲಿನ ಸ್ಮಶಾನದಲ್ಲಿ ಟಿ. ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಅಂದರೆ ಎಲ್ಲರಿಗೂ ಗೊತ್ತು, ಮಲಗಿದ್ದಾರೆ. 1935ರ ಮೇ ತಿಂಗಳಲ್ಲಿ, ಇಂಥದೇ ದಿನಗಳಲ್ಲಿ, ಹತ್ತಿರದ ರಸ್ತೆಯಲ್ಲಿ ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟರ್‌ಬೈಕಿನಿಂದ ಬಿದ್ದರು. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆಮೇಲೆ ತಲೆಗೆ ಪೆಟ್ಟುಬಿದ್ದು ಸತ್ತ ಬೈಕು ಸವಾರರ ಮೇಲೆ ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಹೆಲ್ಮೆಟ್ಟಿನ ಪರವಾದ ವಾದಕ್ಕೆ ಬಲ ಬಂದದ್ದು ಅಲ್ಲಿಂದ. ಬೆಂಗಳೂರಿನಲ್ಲಿ ಪೊಲೀಸರನ್ನು ಕಂಡೊಡನೆ ಮೊಣಕೈಯಿಂದ ತಲೆಗೇರುವ ಹೆಲ್ಮೆಟ್ಟಿನ ಕತೆಯ ಒಂದು ತುದಿ ಈ ಹಸಿರು ಓಣಿಯಲ್ಲಿದೆ.

ಡಾರ್ಚೆಸ್ಟರ್ ಬೈಪಾಸಿನಲ್ಲೇ ದಾಟಿಸಿದೆ. ದೂರದ ಬೆಟ್ಟದ ಮೇಲೆ ಕಾರ್ಖಾನೆ ಚಿಮಣಿಯಂಥ ಗೋಪುರ, ನಕ್ಷೆಯಲ್ಲಿ ಹಾರ್ಡಿ ಸ್ಮಾರಕ ಅಂತಿತ್ತು. ಕಾದಂಬರಿಕಾರ ಥಾಮಸ್ ಹಾರ್ಡಿಯ ನಾಡಲ್ಲವೇ ಎಂದು ಭಕ್ತಿಯಿಂದ ಕಾರು ತಿರುಗಿಸಿ ಹತ್ತಿದೆ. ಅದು ಬೇರೆ ಥಾಮಸ್ ಹಾರ್ಡಿ, ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಪಕ್ಕದಲ್ಲಿದ್ದ ನೌಕಾಧಿಕಾರಿ. ನಷ್ಟವೇನಿಲ್ಲ, ಮೇಲಿಂದ ಕಡಲು ಕಂಡಿತು.

ಆ್ಯಬಟ್ಸ್‌ಬರಿ ಊರು ದಾಟಿ ಪಶ್ಚಿಮಕ್ಕೆ ಗುಡ್ಡ ಏರಿದ ಕೂಡಲೇ ಎಡಕ್ಕೊಂದು ನಿಲ್ಲುವ ಜಾಗ. ನಿಂತೆ. ಇಡೀ ದಿನದಲ್ಲಿ ಅಷ್ಟು ಹೊತ್ತು ನಿಂತದ್ದು ಅಲ್ಲೇ. ಕೆಳಗೆ ಚೆಸಿಲ್ ಬೀಚ್, 18 ಮೈಲಿ ಉದ್ದದ ಬೆಣಚುಕಲ್ಲಿನ ದಿಣ್ಣೆ. ಅದರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಫ್ಲೀಟ್ ಎಂಬ ಹಿನ್ನೀರು. ನಡುವೆ ಗುಡ್ಡದ ಮೇಲೆ ಸಂತ ಕ್ಯಾಥರೀನಳ ಕಲ್ಲಿನ ಗುಡಿ, ಒಂಟಿ. 14ನೇ ಶತಮಾನದ್ದು. ಮದುವೆಯಾಗದ ಹುಡುಗಿಯರು ಅಲ್ಲಿ ಹೋಗಿ ಗಂಡನನ್ನು ಬೇಡಿಕೊಳ್ಳುತ್ತಿದ್ದರಂತೆ. ಹಿನ್ನೀರಿನ ದಡದಲ್ಲಿ ಕ್ರೈಸ್ತ ಮಠದ ಸನ್ಯಾಸಿಗಳು ಮಧ್ಯಯುಗದಲ್ಲಿ ಊಟಕ್ಕೆಂದು ಸಾಕುತ್ತಿದ್ದ ಹಂಸಗಳ ತಾಣ ಈಗಲೂ ಇದೆ. ಮೇ ತಿಂಗಳ ನಡುವೆ ಮರಿಗಳು ಒಡೆದು ಬರುವ ಕಾಲ. ಈಗ ಯಾರೂ ತಿನ್ನುವುದಿಲ್ಲ, ಟಿಕೆಟ್ಟು ಕೊಟ್ಟು ನೋಡುತ್ತಾರೆ.

ಚೆಸಿಲ್‌ನ ಕಲ್ಲುಗಳ ಲೆಕ್ಕವೇ ಬೇರೆ. ಪಶ್ಚಿಮದ ವೆಸ್ಟ್ ಬೇ ತುದಿಯಲ್ಲಿ ಬಟಾಣಿ ಗಾತ್ರ, ಪೂರ್ವದ ಪೋರ್ಟ್‌ಲೆಂಡ್ ತುದಿಯಲ್ಲಿ ಆಲೂಗಡ್ಡೆ ಗಾತ್ರ. ನಡುವೆ ಒಂದೊಂದು ಮೈಲಿಗೂ ತುಸು ತುಸು ದಪ್ಪ. ಅಲೆಗಳು ಸಾವಿರಾರು ವರ್ಷ ಜರಡಿ ಹಿಡಿದ ಹಾಗೆ ವಿಂಗಡಿಸಿಟ್ಟಿವೆ. ರಾತ್ರಿ ಕತ್ತಲಲ್ಲಿ ದೋಣಿಯನ್ನು ದಂಡೆಗೆ ಹತ್ತಿಸುವ ಕಳ್ಳಸಾಗಣೆಯವರು ಒಂದು ಹಿಡಿ ಕಲ್ಲು ಎತ್ತಿ, ಗಾತ್ರದಿಂದಲೇ ಯಾವ ಊರಿನೆದುರು ಇದ್ದೇವೆಂದು ಹೇಳುತ್ತಿದ್ದರಂತೆ. ಮೊಸರನ್ನ ಬಿಚ್ಚಿದೆ. ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಅನ್ನದ ಮೇಲೆ ಕೆಂಪಗೆ ಹರಡಿತ್ತು. ಕಾರಿನ ಬಾಗಿಲು ತೆರೆದಿಟ್ಟು, ಕಾಲು ಹೊರಗೆ ಚಾಚಿ, ಕೈಯಲ್ಲೇ ತಿಂದೆ. ಪಕ್ಕದ ಕಾರಿನ ಮುದುಕಿ ಸ್ಯಾಂಡ್‌ವಿಚ್ ಹಿಡಿದುಕೊಂಡು "ಚೆನ್ನಾಗಿ ಕಾಣ್ತಿದೆ ನಿನ್ನ ಊಟ" ಅಂದಳು. ಒಬ್ಬಳೇ ಬಂದಿದ್ದೀಯಾ ಅಂತ ಕೇಳಲಿಲ್ಲ. ಅವಳೂ ಒಬ್ಬಳೇ ಇದ್ದಳು.

ಲೈಮ್ ರೀಜಿಸ್‌ಗೆ ಮೂರೂವರೆಗೆ ಬಂದೆ. ಊರೆಂದರೆ ಇಳಿಜಾರು, ಬೀದಿಗಳೆಲ್ಲ ಸೀದಾ ಕಡಲಿಗೆ ಬೀಳುತ್ತವೆ. ಕಾರನ್ನು ಮೇಲೆಯೇ ಬಿಟ್ಟು ನಡೆದೆ. ದಂಡೆಯ ದೀಪದ ಕಂಬಗಳೂ ಇಲ್ಲಿ ಅಮೋನೈಟ್ ಎಂಬ ಅಳಿದುಹೋದ ಕಡಲಜೀವಿಯ ಚಿಪ್ಪಿನ ಸುರುಳಿಯ ಆಕಾರದವು. ಎರಡು ನೂರು ವರ್ಷದ ಹಿಂದೆ ಈ ಊರಿನ ಬಡ ಬಡಗಿಯ ಮಗಳು ಮೇರಿ ಆ್ಯನಿಂಗ್ ಇಲ್ಲಿ ಕಲ್ಲು ಹೆಕ್ಕಿ ಮಾರಿ ಮನೆ ನಡೆಸಿದಳು. 1799ರಲ್ಲಿ ಹುಟ್ಟಿದವಳು. 1810ರಲ್ಲಿ ಅಪ್ಪ ಸತ್ತ. ಮರುವರ್ಷ ಅಣ್ಣನಿಗೆ ಬಂಡೆಯಲ್ಲಿ ವಿಚಿತ್ರ ತಲೆಬುರುಡೆಯೊಂದು ಕಂಡಿತು, ಉಳಿದ ಮೈಯನ್ನು ಹುಡುಕಿ ತೆಗೆದವಳು ಮೇರಿ. ಅದು ಇಕ್ತಿಯೊಸಾರ್, ಮೀನಿನಾಕಾರದ ಕಡಲ ಸರೀಸೃಪ. ಅವಳಿಗಾಗ ಹನ್ನೆರಡೋ ಹದಿಮೂರೋ. 1823ರಲ್ಲಿ ಪ್ಲೀಸಿಯೊಸಾರ್ ಎಂಬ ಇನ್ನೊಂದು ಕಡಲ ಸರೀಸೃಪವನ್ನು ಪೂರ್ತಿ ತೆಗೆದಳು. ಅದರ ಕತ್ತಿನ ಉದ್ದ ನೋಡಿ ಪ್ಯಾರಿಸ್ಸಿನ ಮಹಾಪಂಡಿತ ಕುವಿಯೆ ಇದು ಖೋಟಾ ಇರಬೇಕೆಂದ, ಆಮೇಲೆ ಒಪ್ಪಿಕೊಂಡ. ಗಂಡಸರು ಬಂದು ಕೊಂಡರು, ಬರೆದರು, ಹೆಸರು ಮಾಡಿದರು. ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ. ಅವಳು 1847ರಲ್ಲೇ ತೀರಿಕೊಂಡಿದ್ದಳು. ಊರಿನಲ್ಲಿ ಅವಳ ಪ್ರತಿಮೆ ನಿಂತದ್ದಂತೂ 2022ರ ಮೇ ತಿಂಗಳಲ್ಲಿ, ಅದೂ ಶಾಲಾ ಹುಡುಗಿಯೊಬ್ಬಳು ಹಟ ಹಿಡಿದು ಚಂದಾ ಎತ್ತುವ ಕೆಲಸ ಶುರು ಮಾಡಿದ್ದರಿಂದ.

ಪ್ರತಿಮೆಯ ಪಕ್ಕ ಅವಳ ನಾಯಿ ಟ್ರೇ ಕೂಡ ಇದೆ. 1833ರಲ್ಲಿ ಬಂಡೆ ಕುಸಿದು ಆ ನಾಯಿ ಅವಳ ಕಣ್ಣೆದುರೇ, ಅವಳ ಕಾಲ ಬುಡದಲ್ಲೇ ಸತ್ತಿತು. ಈಗಲೂ ಆ ಬಂಡೆಗಳು ಕುಸಿಯುತ್ತವೆ, ಹತ್ತಿರ ಹೋಗಬೇಡಿ ಎಂಬ ಫಲಕಗಳಿವೆ. ಬಂಡೆ ಅಗೆಯುವಂತಿಲ್ಲ. ಊರಿನ ಪೂರ್ವಕ್ಕೆ ದಂಡೆಯಲ್ಲಿ ಬಿಡಿಯಾಗಿ ಬಿದ್ದದ್ದನ್ನು ಎತ್ತಿಕೊಳ್ಳಬಹುದು. ಪಶ್ಚಿಮದ ಕಡೆ, ತಟ್ಟೆಗಿಂತ ದೊಡ್ಡ ಅಮೋನೈಟುಗಳು ಹಾಸುಗಲ್ಲಿನಲ್ಲೇ ಕೂತಿರುವಲ್ಲಿ, ನೋಡುವುದು ಮಾತ್ರ.

ಇಳಿತದ ಹೊತ್ತು. ಪೂರ್ವದ ದಂಡೆಯಲ್ಲಿ ಮುಕ್ಕಾಲು ಗಂಟೆ ಬಗ್ಗಿ ಹುಡುಕಿದೆ. ಏನೂ ಸಿಗಲಿಲ್ಲ. ಮಕ್ಕಳ ಬಕೆಟ್ಟು ಹಿಡಿದ ಮುದುಕರೊಬ್ಬರು ನೋಡಿ ನೋಡಿ ಹತ್ತಿರ ಬಂದು, "ನೀವು ಪಳೆಯುಳಿಕೆ ಹುಡುಕ್ತಿದ್ದೀರಿ, ಅದಕ್ಕೇ ಸಿಗ್ತಿಲ್ಲ. ಗೆರೆ ಹುಡುಕಿ, ಒಂದೇ ಅಳತೆಯ ಗೆರೆ. ಕಲ್ಲಿಗೆ ಅಷ್ಟು ಶಿಸ್ತು ಇರಲ್ಲ" ಅಂದರು. ಕಾಲು ಗಂಟೆಯಲ್ಲಿ ಸಿಕ್ಕಿತು. ಎರಡು ರೂಪಾಯಿ ನಾಣ್ಯದಷ್ಟು, ಮರಳಿನಲ್ಲಿ ಹಿತ್ತಾಳೆ ಗುಂಡಿಯ ಹಾಗೆ ಮಿನುಗುತ್ತಿತ್ತು. ಚಿಪ್ಪಿನ ಜಾಗದಲ್ಲಿ ಪೈರೈಟ್ ಎಂಬ ಹೊಳೆಯುವ ಖನಿಜ ತುಂಬಿ ಉಳಿದದ್ದು. ಸುರುಳಿ ಒಳಗೆ ಸುರುಳಿ, ಹೊರಸುತ್ತಿನಲ್ಲಿ ಏಣುಗಳು, ಚಕ್ಕುಲಿ ಒತ್ತಿದ ಹಾಗೆ. ಉಗುರಿನಿಂದ ಕೆಸರು ತೆಗೆದೆ. ಕಡಲ ನೀರಿನಲ್ಲಿ ತೊಳೆದೆ. ತಣ್ಣಗಿತ್ತು, ಗಾತ್ರಕ್ಕೆ ಮೀರಿದ ಭಾರ. ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದೆ. ಏಣುಗಳು ಎಣಿಕೆಗೆ ಸಿಗುವಂತಿದ್ದವು, ಎಣಿಸಿದೆ.

ತಾತನ ಸಂಪುಟದಲ್ಲಿದ್ದದ್ದೂ ಇದೇ ಜೀವಿ. ಗಂಡಕಿ ನದಿ ನೇಪಾಳದ ಕಪ್ಪು ಕಲ್ಲಿನಿಂದ ಕಿತ್ತು ತರುವ ಅಮೋನೈಟು. ಅದು ಜುರಾಸಿಕ್ ಕಾಲದ ಉತ್ತರಾರ್ಧದ್ದು, ಹೆಚ್ಚುಕಡಿಮೆ ಬೆಳಗ್ಗೆ ನೋಡಿದ ಕಿಮ್ಮರಿಜ್ ಕೆಸರಿನ ವಾರಗೆ. ಲೈಮ್‌ನ ಕಲ್ಲು ಅದೇ ಕಾಲದ ಆರಂಭದ್ದು, ನಾಲ್ಕು ಕೋಟಿ ವರ್ಷದಷ್ಟು ಹಿರಿದು.

ಊರಲ್ಲಾಗ ರಾತ್ರಿ ಒಂಬತ್ತೂವರೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಎಲ್ಲಿದೀಯೇ? ಏನದು ಗಾಳಿ ಸದ್ದು?"

"ಸಮುದ್ರದ ಹತ್ರ ಇದೀನಮ್ಮ. ಕಾರಲ್ಲಿ ಬಂದೆ."

"ಯಾರ ಜೊತೆ?"

"ಒಬ್ಳೇ."

"ಒಬ್ಳೇನಾ? ಏನ್ ಹುಚ್ಚೇ ನಿಂಗೆ! ಅವ್ರಿಗೆ ಹೇಳಿದೀಯಾ?"

ಅಂಗೈಯನ್ನು ಕ್ಯಾಮೆರಾ ಮುಂದೆ ಹಿಡಿದೆ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡಳು. ಒಂದು ನಿಮಿಷ ಮಾತಿಲ್ಲ.

"ಚಕ್ರ ಇದ್ಯಲ್ಲೇ."

"ಹ್ಞೂ. ತಾತನ ಸಾಲಿಗ್ರಾಮಕ್ಕಿಂತ ಹಳೇದು ಇದು."

"ಹಳೇದಾದ್ರೆ ದೇವ್ರಾಗತ್ತಾ?" ಅಂದಳು. ಆಮೇಲೆ ಸ್ವಲ್ಪ ತಡೆದು, "ಎಡಗೈಲಿ ಹಿಡ್ಕೊಂಡಿದೀಯಲ್ಲೇ. ಬಲಗೈಗೆ ತಗೋ ಮೊದ್ಲು."

ಬಲಗೈಗೆ ತಗೊಂಡೆ.

ಬಂದರಿನ ಹಳೆಯ ಕಟ್ಟೆ, ಕಾಬ್ ಅನ್ನುತ್ತಾರೆ, ಅದರ ಮೇಲೆ ಕೂತು ಚಿಪ್ಸ್ ತಿಂದೆ. ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ ಅಂತ ಕೇಳಿಯೇ ತೆಗೆದುಕೊಂಡದ್ದು. ಬೇರೆ ಬಾಣಲೆ ಅಂದರು. ಮೂರನೇ ತುಂಡಿಗೆ ಕಡಲಕಾಗೆಯೊಂದು ಹಿಂದಿನಿಂದ ಬಂದು, ಕಿವಿಯ ಪಕ್ಕದಲ್ಲೇ ರೆಕ್ಕೆ ಬಡಿದು, ಪೊಟ್ಟಣದ ಅರ್ಧ ಒಯ್ದಿತು. ಕತ್ತು ತಿರುಗಿಸಿ ಹಿಂದೆ ನೋಡಿಕೊಳ್ಳಬೇಕಿತ್ತು.

ಆರೂಮುಕ್ಕಾಲಿಗೆ ಹೊರಟೆ. ಆಕ್ಸ್‌ಮಿನ್‌ಸ್ಟರ್ ಮೇಲಿಂದ ಹೋಗಿ ಎ303 ಹಿಡಿದರೆ ಮುಂದಿನದು ನೇರ ದಾರಿ. ವಿಲ್ಟ್‌ಶೈರಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಬ್ರೇಕ್ ಹಾಕಿದರು. ಅಪಘಾತವಲ್ಲ, ಸ್ಟೋನ್‌ಹೆಂಜ್. ಎಡಕ್ಕೆ, ಹುಲ್ಲಿನ ಬಯಲಿನಲ್ಲಿ, ಮುಳುಗುವ ಬಿಸಿಲು ಬಿದ್ದು ಜೇನುಬಣ್ಣಕ್ಕೆ ತಿರುಗಿದ ಕಲ್ಲುಗಳು. ಈ ರಸ್ತೆಯನ್ನು ಸುರಂಗಕ್ಕಿಳಿಸುವ ಯೋಜನೆ ವರ್ಷಗಟ್ಟಲೆ ನಡೆದು 2024ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಹಾಗಾಗಿ ದುಡ್ಡು ಕೊಡದೆ, ಮೊದಲನೇ ಗೇರಿನಲ್ಲಿ, ಎಂಟು ನಿಮಿಷ ನೋಡಿದೆ. ಎದುರಿನ ಸಾಲಿನಿಂದ ಒಬ್ಬ ಪಕ್ಕದ ಓಣಿಗೆ ತಿರುಗಲು ಕಾಯುತ್ತಿದ್ದ. ಲೈಟ್ ಮಿಂಚಿಸಿದೆ. ಅವನು ತಿರುಗಿ ಹೋಗುತ್ತಾ ಒಂದು ಬೆರಳು ಎತ್ತಿದ.

ಮನೆ ಮುಟ್ಟುವಾಗ ಹತ್ತು ಹತ್ತಿರ, ಮೀಟರಿನಲ್ಲಿ 280 ಮೈಲಿ ಚಿಲ್ಲರೆ. ನಮ್ಮ ಬೀದಿಯಲ್ಲಿ ಉಳಿದದ್ದು ಎರಡು ಕಾರುಗಳ ನಡುವಿನ ಒಂದೇ ಸಂದಿ. ಕತ್ತು ತಿರುಗಿಸಿ ಹಿಂದಕ್ಕೆ ಬಿಟ್ಟೆ. ಒಂದೇ ಏಟಿಗೆ ಕೂತಿತು. ನೋಡಲು ಆ ಬೆಕ್ಕು ಕೂಡ ಇರಲಿಲ್ಲ. ಎಡಬಾಗಿಲಿನುದ್ದಕ್ಕೂ ಮುಳ್ಳು ಗೀಚಿದ ಗೆರೆ ಬೀದಿದೀಪಕ್ಕೆ ಎದ್ದು ಕಾಣುತ್ತಿತ್ತು. ಗಂಡ ಬರುವುದರೊಳಗೆ ಪಾಲಿಶ್ ಹಾಕಿಸಬೇಕು.

ಬೆಳಗ್ಗೆ ಏಳಕ್ಕೆ ಅಮ್ಮನ ಫೋನು. ತಲುಪಿದೆಯಾ ಅಂತ ಕೇಳುತ್ತಾಳೆ ಅಂದುಕೊಂಡೆ.

"ಅದನ್ನ ಎಲ್ಲಿಟ್ಟೆ?"

ಕಾರಿನ ಕಾಫಿ ಲೋಟದ ಗೂಡಿನಲ್ಲೇ ಇದೆ ಅಂದೆ. ಅರ್ಧ ಗಂಟೆ ಬೈದಳು.